ಪಿನ್ನು ಹಾಕಿದ ಪುಟಗಳು

ನಮ್ಮ ಕನ್ನಡ ಮಿಸ್ ಬಾಯಲ್ಲಿ ಯಾವಾಗಲೂ ಎರಡು ಗುಂಡುಪಿನ್ನು ಇರುತ್ತಿದ್ದವು. ತುಟಿಯ ಬಲಗಡೆ ಪಿನ್ನು ಕಚ್ಚಿಕೊಂಡು ಎಡಗಡೆಯಿಂದ ಪಾಠ ಹೇಳುತ್ತಿದ್ದರು. ಎಂದಾದರೂ ನುಂಗಿಬಿಡುತ್ತಾರೆಂದು ಮುಂದಿನ ಬೆಂಚಿನ ನಮಗೆಲ್ಲ ಭಯ. ಅವರಿಗೆ ಆ ಭಯವೇ ಇರಲಿಲ್ಲ.

ಬಸವೇಶ್ವರನಗರದ ನಮ್ಮ ಶಾಲೆಯಲ್ಲಿ ಏಳನೇ ತರಗತಿಯವರಿಗೆಂದು ಒಂದು ದೆವ್ವದ ಕಾದಂಬರಿ ಇತ್ತು. ಬೀಗ ಹಾಕಿದ ಮಹಡಿ ಮನೆ, ಅದರೊಳಗೆ ದಿನಾ ಸಂಜೆ ತಾನಾಗಿ ಕಿರುಗುಟ್ಟುವ ಉಯ್ಯಾಲೆ, ಕೆಳಗೆ ನಿಂತು ನಡುಗುವ ಮಕ್ಕಳು. ಪುಸ್ತಕ ಹಂಚುವ ಮೊದಲು ಮಿಸ್ ಪ್ರತಿಯೊಂದು ಪ್ರತಿಯ ಕೊನೆಯ ಎಂಟು ಪುಟಗಳನ್ನು ಸೇರಿಸಿ ಎರಡು ಪಿನ್ನು ಹಾಕುತ್ತಿದ್ದರು. ಪರೀಕ್ಷೆ ಮುಗಿದ ಮೇಲೆಯೇ ಅದನ್ನು ತೆಗೆಯಬೇಕು. ಪರೀಕ್ಷೆಯ ಕೊನೆಯ ಪ್ರಶ್ನೆ ಪ್ರತಿವರ್ಷವೂ ಒಂದೇ. ಪಿನ್ನು ಹಾಕಿದ ಪುಟಗಳಲ್ಲಿ ಏನಿರಬಹುದು, ಊಹಿಸಿ ಬರೆಯಿರಿ. ಐದು ಅಂಕ.

"ಇದಕ್ಕೆ ಸರಿ ಉತ್ತರ ಅಂತ ಇಲ್ಲ ಕಣ್ರೋ. ನಿಮ್ಮ ಉತ್ತರ ಅಂತ ಇರುತ್ತೆ, ಅಷ್ಟೇ" ಎನ್ನುತ್ತಿದ್ದರು.

ಅವರ ಪರೀಕ್ಷೆ ಎಂದರೆ ನನಗೆ ಆಗುತ್ತಲೇ ಇರಲಿಲ್ಲ. ನಾನು ಗೈಡು ಉರು ಹೊಡೆದು ಮೊದಲ ಸ್ಥಾನ ಪಡೆಯುತ್ತಿದ್ದ ಹುಡುಗಿ. ಇವರು 'ಕಿರುಗುಟ್ಟು' ಪದದ ಅರ್ಥ ಕೇಳುವ ಬದಲು ಎದ್ದು ಹೋಗಿ ಕ್ಲಾಸಿನ ಬಾಗಿಲನ್ನು ಕಿರುಗುಟ್ಟಿಸು ಎನ್ನುವರು. ಪುಸ್ತಕದಲ್ಲಿ ಕತ್ತಲೆಯನ್ನು ಕರಿ ಕಂಬಳಿಗೆ ಹೋಲಿಸಿದ್ದರೆ, ನಿಮ್ಮ ಮನೆಯ ಕತ್ತಲೆ ಯಾವುದರ ಹಾಗಿರುತ್ತದೆ ಎಂದು ಕೇಳುವರು. ಲಗ್ಗೆರೆಯಿಂದ ಬರುತ್ತಿದ್ದ ನನ್ನ ಪಕ್ಕದ ಹುಡುಗಿ ಎದ್ದು, "ಮಿಸ್, ನಮ್ಮನೇಲಿ ಕರೆಂಟ್ ಹೋದ್ರೆ ಎದುರುಗಡೆ ಫ್ಯಾಕ್ಟರಿ ಲೈಟು ಒಳಗೆ ಬೀಳುತ್ತೆ. ನಮ್ ಕತ್ಲೆ ಬೆಳ್ಳಗಿರುತ್ತೆ" ಎಂದಳು. ನಾವೆಲ್ಲ ಗೊಳ್ಳೆಂದು ನಕ್ಕೆವು. ಮಿಸ್ ಬಾಯಿಂದ ಪಿನ್ನು ತೆಗೆದು ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ಹೇಳು ಮರಿ" ಎಂದರು.

'ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ನಿನಗೆ ಯಾವಾಗ ಬಂದಿತ್ತು?' ಎಂಬ ಕಿರುಪರೀಕ್ಷೆಯ ಪ್ರಶ್ನೆಗೆ ನಾನು 'ತುಂಬಾ ಹೆದರಿಕೆಯಾಯಿತು ಎಂದರ್ಥ' ಎಂದು ಬರೆದಿದ್ದೆ. ಎರಡಕ್ಕೆ ಅರ್ಧ ಅಂಕ ಬಂತು. ಹೋಗಿ ಕೇಳಿದೆ. "ಅರ್ಥ ಸರಿ ಇದೆ. ನೀನೆಲ್ಲಿ ಅದರಲ್ಲಿ?" ಎಂದರು. ಎರಡು ದಿನ ನಾನು ಅವರ ಮುಖ ನೋಡಲಿಲ್ಲ.

ಮುಂದಿನದು ಕಾದಂಬರಿಯ ಪರೀಕ್ಷೆ. ಉತ್ತರವೇ ಇಲ್ಲದ ಪ್ರಶ್ನೆಗೆ ಐದು ಅಂಕ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಹಿಂದಿನ ದಿನ ಸಂಜೆ ಅಮ್ಮ ತರಕಾರಿ ತರಲು ನಂದಿನಿ ಲೇಔಟಿನ ಅಂಗಡಿಗೆ ಹೋದಾಗ ಪಿನ್ನು ಬಿಚ್ಚಿ ಎಂಟು ಪುಟವನ್ನೂ ಓದಿದೆ. ಮಹಡಿಯಲ್ಲಿ ದೆವ್ವ ಇರಲಿಲ್ಲ. ಸತ್ತುಹೋದ ಮಗುವಿನ ತಾಯಿ ಹಿತ್ತಿಲ ಮೆಟ್ಟಿಲು ಹತ್ತಿ ಬಂದು, ಖಾಲಿ ಉಯ್ಯಾಲೆಯನ್ನು ತೂಗಿ ಹೋಗುತ್ತಿದ್ದಳು. ನಾನು ಅಳಲಿಲ್ಲ. ಅದೇ ತೂತುಗಳಲ್ಲಿ ಹುಷಾರಾಗಿ ಪಿನ್ನು ತೂರಿಸಿ, ಮರುದಿನ ನನ್ನದೇ ಊಹೆ ಎಂಬಂತೆ ಅದನ್ನೇ ಬರೆದೆ.

ಉತ್ತರಪತ್ರಿಕೆ ಕೊಡುವ ದಿನ ಮಿಸ್ ನನ್ನ ಹೆಸರು ಕೂಗಿದರು. ಸಿಕ್ಕಿಬಿದ್ದೆ ಅಂದುಕೊಂಡೆ. ಜೀವ ಬಾಯಿಗೆ ಬರುವುದೆಂದರೆ ಏನೆಂದು ಆಗ ಗೊತ್ತಾಯಿತು. ಆದರೆ ಅವರ ಬಾಯಲ್ಲಿ ಪಿನ್ನಿರಲಿಲ್ಲ, ಕಣ್ಣು ಒದ್ದೆಯಾಗಿತ್ತು. ನನ್ನ ಉತ್ತರವನ್ನು ಕ್ಲಾಸಿಗೆ ಓದಿ ಹೇಳಿದರು. ಸ್ಟಾಫ್ ರೂಮಿನಲ್ಲೂ ಓದಿದರಂತೆ. ಅಮ್ಮನನ್ನು ಕರೆಸಿ, "ಇಷ್ಟು ವರ್ಷದಲ್ಲಿ ಯಾವ ಮಗೂನೂ ಆ ತಾಯಿ ಹತ್ತಿರ ಹೋಗಿರ್ಲಿಲ್ಲ. ನಿಮ್ಮ ಮಗಳಿಗೆ ಬೇರೆಯವರ ಸಂಕಟ ಗೊತ್ತಾಗುತ್ತೆ" ಎಂದರು. ಐದಕ್ಕೆ ಐದು. ಪಕ್ಕದವಳು ಬರೆದಿದ್ದು ಎರಡೇ ಸಾಲು: 'ಮೇಲೆ ಯಾರೂ ಇಲ್ಲ. ಉಯ್ಯಾಲೆಗೆ ಅಭ್ಯಾಸ ಬಿಡಲು ಆಗುತ್ತಿಲ್ಲ.' ಅವಳಿಗೆ ನಾಲ್ಕು. ಅವಳ ಉತ್ತರವೇ ಚೆನ್ನಾಗಿತ್ತು ಎಂದು ನನಗೆ ಆಗಲೇ ಗೊತ್ತಿತ್ತು.

ಆ ಹೊಗಳಿಕೆಯ ಬಲದಿಂದಲೇ ನಾನು ಕನ್ನಡ ಎಂ.ಎ. ಮಾಡಿದೆ, ವಿಜಯನಗರದ ಶಾಲೆಯೊಂದರಲ್ಲಿ ಕನ್ನಡ ಮಿಸ್ ಆದೆ. ಎಲ್ಲೇ ಸಿಕ್ಕರೂ ಮಿಸ್ ಅದೇ ಕಥೆ ಹೇಳುವರು. ನಿಜ ಹೇಳಿಬಿಡೋಣ ಎಂದು ಪ್ರತಿಸಲ ಅಂದುಕೊಳ್ಳುವುದು, ನಕ್ಕು ಬಂದುಬಿಡುವುದು, ಇದೇ ಆಯಿತು.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಗಿದೆ ಎಂದು ತಿಳಿದು, ಈ ಸಲ ಹೇಳಿಯೇ ತೀರುತ್ತೇನೆಂದು ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಮಂಚದ ಮೇಲಿದ್ದರು. ತುಟಿಯ ಬಲಗಡೆ ಜೋತುಬಿದ್ದಿತ್ತು, ಆದರೆ ಎಡಗಡೆಯಿಂದ ಮಾತಾಡುವುದು ಅವರಿಗೆ ಹೊಸದೇನಲ್ಲ. ಮಗಳನ್ನು ಕರೆದು, "ಇವಳೇ ಕಣೇ. ಪಿನ್ನು ಬಿಚ್ಚದೇನೇ ಒಳಗಿಂದು ಓದಿದ ಹುಡುಗಿ" ಎಂದರು.

"ಮಿಸ್, ನಿಮಗೊಂದು ವಿಷಯ ಹೇಳ್ಬೇಕಿತ್ತು."

"ಹೇಳು ಮರಿ."

ಅವರ ಮುಖದಲ್ಲಿ ಅಂಥ ಸಂತೋಷವಿತ್ತು. "ನಾನೂ ಈಗ ನಮ್ಮ ಶಾಲೆ ಮಕ್ಕಳಿಗೆ ಅದೇ ಪುಸ್ತಕಕ್ಕೆ ಪಿನ್ನು ಹಾಕಿ ಕೊಡ್ತೀನಿ ಮಿಸ್" ಎಂದುಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು. ಎರಡು ತಿಂಗಳಿಗೆ ತೀರಿಕೊಂಡರು.

ಅವರ ಮಗಳು ಆಮೇಲೆ ನನಗೊಂದು ಕವರು ಕೊಟ್ಟಳು. ಒಳಗೆ ನನ್ನ ಉತ್ತರಪತ್ರಿಕೆ. ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಹೇಳದೇ ಹೋದದ್ದು ತಪ್ಪು. ಹೇಳಿದ್ದರೂ ತಪ್ಪೇ ಆಗುತ್ತಿತ್ತೇನೋ, ಈಗಲೂ ತೀರ್ಮಾನಿಸಲಾಗದೆ ಒದ್ದಾಡುತ್ತೇನೆ.

ನನ್ನ ತರಗತಿಯ ಮಕ್ಕಳು ಪ್ರತಿವರ್ಷ ಆ ಪರೀಕ್ಷೆ ಬರೆಯುವಾಗ ನಾನೂ ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತೇನೆ. ಕತ್ತಲೆ, ಬಾಗಿಲು, ಬಾಯಿಗೆ ಬಂದ ಜೀವ ಎಲ್ಲಕ್ಕೂ ನನ್ನ ಉತ್ತರವಿದೆ. ಕೊನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಲ್ಲುತ್ತದೆ. ಆ ಉಯ್ಯಾಲೆಯನ್ನು ಯಾರು ತೂಗುತ್ತಾರೆಂದು ನನಗೆ ಗೊತ್ತು. ಗೊತ್ತಿಲ್ಲದಿದ್ದರೆ ನಾನು ಏನು ಊಹಿಸುತ್ತಿದ್ದೆ ಎಂಬುದು ಮಾತ್ರ ಇನ್ನು ಎಂದಿಗೂ ತಿಳಿಯುವುದಿಲ್ಲ. ಮಿಸ್ ಕೇಳಿದ್ದು ಅದೊಂದನ್ನೇ.