ಮಕ್ಕಳು ತಿದ್ದಿದ ನೋಟಿಸು

2001ರಲ್ಲಿ ನಾನು ಕತ್ರಿಗುಪ್ಪೆಯ ಒಂದು ಅನುದಾನಿತ ಶಾಲೆಯಲ್ಲಿ ಕನ್ನಡ ಶಿಕ್ಷಕಿಯಾಗಿದ್ದೆ. ಕೆಳಗೆ ಕನ್ನಡ ಮಾಧ್ಯಮ, ಮಹಡಿಯ ಮೇಲೆ ಇಂಗ್ಲಿಷ್ ಮಾಧ್ಯಮ. ಮೇಲೆ ಮಕ್ಕಳನ್ನು ಕೂರಿಸಲು ಜಾಗವಿರಲಿಲ್ಲ. ನಮ್ಮಲ್ಲಿ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ನನ್ನ ಐದನೇ ತರಗತಿಗೂ ವ್ಯಾಕರಣಕ್ಕೂ ಅಷ್ಟಕ್ಕಷ್ಟೆ. ಲಿಂಗ, ವಚನ, ವಿಭಕ್ತಿ ಎಂದು ಶುರು ಮಾಡಿದರೆ ಸಾಲುಸಾಲಾಗಿ ಆಕಳಿಕೆ. ಕೊನೆಗೆ ನನ್ನ ತಂದೆಯ ಕಸುಬಿನ ಮೊರೆ ಹೋದೆ. ಅವರು ಶ್ರೀನಗರದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಪುಟದ ತಪ್ಪು ಹಿಡಿದು ಅಂಚಿನಲ್ಲಿ ಗುರುತು ಹಾಕುವ ಕೆಲಸ. ನಾನು ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಯಾವುದಾದರೂ ಪ್ರಾಣಿಯ ಬಗ್ಗೆ ಕೆಲವು ಸಾಲು ಬರೆಯತೊಡಗಿದೆ, ಬೇಕೆಂದೇ ತಪ್ಪುತಪ್ಪಾಗಿ. ಭಾಷೆಯ ತಪ್ಪಿಗೆ ಕೆಂಪು ಸೀಮೆಸುಣ್ಣ, ಸಂಗತಿಯ ತಪ್ಪಿಗೆ ಹಳದಿ. ಒಂಟೆಯ ಡುಬ್ಬದಲ್ಲಿ ನೀರಿದೆ ಎಂದು ಬರೆದರೆ ಹಳದಿ ಗೆರೆ ಬೀಳಬೇಕು, ಏಕೆಂದರೆ ಅಲ್ಲಿರುವುದು ಕೊಬ್ಬು. ಪ್ರೆಸ್ಸಿನ ನಿಯಮವನ್ನೂ ತರಗತಿಗೆ ತಂದೆ: ತಪ್ಪಿರುವ ಪುಟ ಮುಂದಕ್ಕೆ ಹೋಗುವಂತಿಲ್ಲ, ವಾಪಸ್ ಹೋಗಬೇಕು.

ಭಾಗ್ಯ ಎಂಬ ಹುಡುಗಿ ಇದರಲ್ಲಿ ಎತ್ತಿದ ಕೈ. ಅವಳ ತಾಯಿ ರತ್ನಮ್ಮ ಬೆಳಗಾಗುವ ಮೊದಲೇ ಬನಶಂಕರಿಯ ಮನೆಗಳಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದರು. ಒಂದನೇ ತರಗತಿಯ ತಮ್ಮನನ್ನು ಕೈಹಿಡಿದು ಶಾಲೆಗೆ ಕರೆತರುವ ಕೆಲಸ ಭಾಗ್ಯಳದು. ಒಮ್ಮೆ ಬಾವಲಿ ಮೊಟ್ಟೆಯಿಡುತ್ತದೆ ಎಂದು ಬರೆದಿದ್ದೆ. ಎದ್ದು ಬಂದು ಇಡೀ ಸಾಲಿಗೆ ಹಳದಿ ಬಳಿದು, ನನ್ನನ್ನೇ ಗದರಿಸುವವಳಂತೆ ನೋಡಿ ಹೋಗಿ ಕೂತಳು. ನನಗೆ ಖುಷಿಯೋ ಖುಷಿ.

ಜನವರಿಯಲ್ಲಿ ಗೇಟಿನ ಬಳಿ ಆಡಳಿತ ಮಂಡಳಿಯ ನೋಟಿಸು ಬಿತ್ತು. ಮುಂದಿನ ವರ್ಷದಿಂದ ಕನ್ನಡ ವಿಭಾಗವಿಲ್ಲ. ರಿಂಗ್ ರೋಡಿನ ಆಚೆಗೆ ಇನ್ನೊಂದು ಶಾಲೆಯಿದೆ, ಮಕ್ಕಳು ಅಲ್ಲಿಗೆ ನಿರಾಯಾಸವಾಗಿ ನಡೆದು ಹೋಗಬಹುದು ಎಂದಿತ್ತು. ಆಗ ಮಕ್ಕಳು ದಾಟಬೇಕಿದ್ದ ಕಡೆ ಸಿಗ್ನಲ್ ಇರಲಿಲ್ಲ, ಲಾರಿಗಳು ಯಾರಿಗೂ ನಿಲ್ಲುತ್ತಿರಲಿಲ್ಲ. ರತ್ನಮ್ಮ ಬಂದರು.

"ಆ ರೋಡಲ್ಲಿ ಇಬ್ರನ್ನೇ ಹೆಂಗೆ ಕಳಿಸ್ಲಿ ಮಿಸ್? ನಾನು ಕೆಲ್ಸ ಬಿಟ್ಟು ಬರಕ್ಕಾಗಲ್ಲ. ತಮ್ಮನ್ನ ನೋಡ್ಕೊಂಡು ಮನೇಲೇ ಇರ್ಲಿ ಬಿಡಿ."

ನಾನು ಎಷ್ಟೋ ವಾದಿಸಿದೆ. ಅವರು ತಲೆತಗ್ಗಿಸಿ ಕೇಳಿಸಿಕೊಂಡು, ಕೆಲಸಕ್ಕೆ ಹೊತ್ತಾಯಿತೆಂದು ಹೊರಟರು. ಶಾಲೆಯ ಕಾರ್ಯದರ್ಶಿಗಳ ಬಳಿಗೂ ಹೋಗಿ ಕೇಳಿಕೊಂಡೆ. ಕೋಣೆಗಳು ಬೇಕಾಗಿವೆ, ತೀರ್ಮಾನ ಆಗಿಹೋಗಿದೆ ಎಂದರು.

ಆ ವಾರವೇ ಅಟೆಂಡರ್ ಓಡಿಬಂದು ನನ್ನನ್ನು ಆಫೀಸಿಗೆ ಕರೆದ. ಹೋಗಿ ನೋಡಿದರೆ, ಭಾಗ್ಯ ಮತ್ತು ಅವಳ ಗೆಳತಿಯರು ನೋಟಿಸನ್ನು ಕಿತ್ತು, ಬಣ್ಣದ ಪೆನ್ಸಿಲಿನಿಂದ ತಿದ್ದಿ, ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟು ನಿಂತಿದ್ದರು. ಟೈಪಿಂಗ್ ತಪ್ಪುಗಳಿಗೆಲ್ಲ ಕೆಂಪು ಗುರುತು. 'ನಿರಾಯಾಸವಾಗಿ' ಎಂಬುದರ ಕೆಳಗೆ ದಪ್ಪ ಹಳದಿ ಗೆರೆ.

"ತಪ್ಪಿದೆ ಸಾರ್. ಇದನ್ನ ವಾಪಸ್ ತಗೋಬೇಕು," ಎಂದಳು ಭಾಗ್ಯ.

ಕಾರ್ಯದರ್ಶಿಗಳು ಕೆಟ್ಟವರಲ್ಲ, ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಹೌದಲ್ಲಮ್ಮ, ತಪ್ಪಿದೆ. ವಾಪಸ್ ತಗೋತೀನಿ," ಎಂದರು. ಮಕ್ಕಳು ಕುಣಿಯುತ್ತಾ ಓಡಿದರು. ಶಾಲೆ ಉಳಿಯಿತೆಂದು ಮಧ್ಯಾಹ್ನದೊಳಗೆ ಕೆಳಮಹಡಿಯೆಲ್ಲ ಸುದ್ದಿ. ಹಾಗಲ್ಲ ಎಂದು ನಾನು ವಿವರಿಸಹೋದರೆ, ನಿಯಮ ನೀವೇ ಹೇಳಿದ್ದಲ್ಲವೇ ಎಂದು ನನಗೇ ನೆನಪಿಸಿದರು.

ಸೋಮವಾರ ಅದೇ ಜಾಗದಲ್ಲಿ ಹೊಸದಾಗಿ ಟೈಪ್ ಮಾಡಿದ ನೋಟಿಸು ಇತ್ತು. ತಪ್ಪುಗಳನ್ನೆಲ್ಲ ಸರಿಪಡಿಸಲಾಗಿತ್ತು. 'ನಿರಾಯಾಸವಾಗಿ' ಎಂಬ ಮಾತನ್ನು ತೆಗೆದುಹಾಕಿದ್ದರು. ಉಳಿದದ್ದೆಲ್ಲ ಹಾಗೆಯೇ ಇತ್ತು.

ಭಾಗ್ಯ ಒಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡು, ಇನ್ನೊಂದು ಕೈಯ ಬೆರಳನ್ನು ಸಾಲಿನ ಮೇಲಿಟ್ಟು ನಿಧಾನವಾಗಿ ಓದಿದಳು. ಮುಗಿಸಿ, ಮತ್ತೆ ಮೊದಲಿಂದ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದೂ ತಪ್ಪಿಲ್ಲ ಮಿಸ್."

ಜೂನ್‌ನಲ್ಲಿ ಅವಳು ಯಾವ ಶಾಲೆಗೂ ಸೇರಲಿಲ್ಲ. ನಾನು ಜಯನಗರದ ಬೇರೊಂದು ಶಾಲೆಗೆ ಹೋದೆ, ನಿವೃತ್ತಿಯವರೆಗೂ ಒಂಟೆ, ಬಾವಲಿಗಳನ್ನು ಬೋರ್ಡಿನ ಮೇಲೆ ಬರೆದು ತಿದ್ದಿಸಿದೆ. ಆ ನಿಯಮವನ್ನು ಮಾತ್ರ ಮತ್ತೆ ಯಾವ ತರಗತಿಗೂ ಹೇಳಲಿಲ್ಲ. ತಪ್ಪಿಲ್ಲದೆ ಬರೆದ ಮಾತ್ರಕ್ಕೆ ಬರೆದದ್ದು ಸರಿಯಾಗಿಬಿಡುವುದಿಲ್ಲ ಎಂಬುದನ್ನು ನನಗೆ ಈ ವೃತ್ತಿ ಕಲಿಸಿತು. ಅದಕ್ಕೆ ಗೆರೆ ಎಳೆಯುವ ಬಣ್ಣ ನನ್ನ ಸೀಮೆಸುಣ್ಣದ ಡಬ್ಬಿಯಲ್ಲಿ ಇರಲಿಲ್ಲ.