ಕಬ್ಬಿನ ಗದ್ದೆಯಲ್ಲಿ ಚಿರತೆಗೆ ಬಿಟ್ಟ ದಾರಿ

ಸಿಂಚನಾ, ಚಿರಂತ್, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಕಬ್ಬು ಕಡಿಯುವ ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದೆ. ಮೇಸ್ತ್ರಿ ಎಂದರೆ ಯಾರು ಯಾವ ಸಾಲು ಕಡಿಯಬೇಕೆಂದು ಹೇಳುವವಳು. ಆ ಹೇಳುವುದಕ್ಕೇ ನನಗೆ ಸಂಕೋಚ. ಜಮೀನಿನವರು ಎದುರು ಬಂದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದೆ.

ಒಂದು ವರ್ಷ ಕ್ಯಾತನಹಳ್ಳಿ ಹತ್ತಿರ ನಿಂಗೇಗೌಡರ ಗದ್ದೆಯಲ್ಲಿ ಕಟಾವು. ಸುತ್ತಲ ಗುಡ್ಡಗಳಲ್ಲಿ ಕಲ್ಲು ಒಡೆಯಲು ಶುರುವಾದ ಮೇಲೆ ಚಿರತೆಗಳು ಕಬ್ಬಿಗೆ ಇಳಿದಿದ್ದವು. ಅವಕ್ಕೆ ಅದೂ ಕಾಡೇ. ವರ್ಷವೆಲ್ಲ ನೆರಳು, ಪಕ್ಕದಲ್ಲೇ ನಾಲೆಯ ನೀರು, ತಿನ್ನಲು ಹಂದಿ, ನಾಯಿ. ಮರಿಯನ್ನೂ ಅಲ್ಲೇ ಹಾಕುತ್ತಿದ್ದವು. ಆದರೆ ಕಟಾವು ಬಂದರೆ ಆ ಕಾಡು ಒಂದೆರಡು ದಿನದಲ್ಲಿ ಇಲ್ಲವಾಗುತ್ತಿತ್ತು.

ಸಂಜೆಗೆ ಲಾರಿ ಬರುವುದಿತ್ತು. "ಎಲ್ಡೂ ಕಡೆಯಿಂದ ಕಡ್ಕೊಂಡ್ ಬನ್ರಮ್ಮಿ, ಬಿರ್ನೆ ಆಯ್ತದೆ" ಎಂದರು ಗೌಡರು. ನಾನು ತಲೆಯಾಡಿಸಿದೆ. ಮಧ್ಯಾಹ್ನಕ್ಕೆ ನಡುವೆ ಒಂದು ಪಟ್ಟಿ ಕಬ್ಬು ಮಾತ್ರ ಉಳಿಯಿತು. ಅದರ ಒಂದು ತುದಿಗೆ ರಸ್ತೆ, ಇನ್ನೊಂದಕ್ಕೆ ನಾಲೆ. ನಾಲೆಯಾಚೆ ಬೇರೆಯವರ ಕಬ್ಬು ನಿಂತಿತ್ತು. ಕೆಲವರು ನಾಲೆಯ ಏರಿ ಮೇಲೆ ಊಟಕ್ಕೆ ಕೂತಿದ್ದರು.

ನಮ್ಮ ಗುಂಪಿನ ಜಯಮ್ಮ ಒಣಸೋಗೆ ಸರಿಸಿ ಏನನ್ನೋ ಮಡಿಲಿಗೆ ಹಾಕಿಕೊಂಡಳು. "ಅಯ್, ಬೆಕ್ಕಿನ್ ಮರಿ ಕಣಕ್ಕ!"

"ಬೆಕ್ಕಿಗೆ ಅಂಗೆ ಚುಕ್ಕಿ ಯಾವಾಗ್ ಬಂತೇ?" ಎಂದು ಪುಟ್ಟತಾಯಿ ನಕ್ಕಳು.

ಮರಿ ಕೂಗಿತು. ಉಳಿದಿದ್ದ ಕಬ್ಬಿನೊಳಗಿಂದ ಗುರುಗುಟ್ಟುವ ಸದ್ದು ಬಂತು. ತಾಯಿ ಅಲ್ಲೇ ಇತ್ತು. ಯಾವ ಕಡೆ ಹೊರಟರೂ ನಮ್ಮನ್ನು ದಾಟಿಯೇ ಹೋಗಬೇಕಿತ್ತು. ಎಲ್ಲರಿಗಿಂತ ಹತ್ತಿರವಿದ್ದವಳು ಜಯಮ್ಮ.

"ಮರಿ ಇಲ್ಲಿಗ್ ತತ್ತಾ ಕಣಮ್ಮಿ, ಫಾರೆಸ್ಟ್‌ನೋರ್ಗೆ ಕೊಡಾನ!" ರಸ್ತೆಯಿಂದ ಗೌಡರು ಕೂಗಿದರು. ಜಯಮ್ಮ ಓಡಲು ತಿರುಗಿದಳು.

"ಓಡ್ಬ್ಯಾಡ ಕಣೇ!" ನನ್ನ ಗಂಟಲಿನಿಂದ ಅಂಥ ಕೂಗು ಬಂದದ್ದು ಅದೇ ಮೊದಲು. "ಮರಿ ಅಲ್ಲೇ ಬುಡು."

"ಕೈ ಬತ್ತಿಲ್ಲ ಕಣಕ್ಕ." ಸೆರಗು ಹಿಡಿದ ಅವಳ ಮುಷ್ಟಿ ಬಿಗಿದುಹೋಗಿತ್ತು.

"ಅಂಗೇ ಕುಕ್ಕುರ್ಸು. ಮಡ್ಲು ಸಡ್ಲ ಮಾಡು."

ಅವಳು ಕುಸಿದು ಕೂತಳು. ಮರಿ ಸೋಗೆಯ ಮೇಲೆ ಉರುಳಿತು. ಗೌಡರು ಮತ್ತೆ ಬಾಯಿ ತೆರೆದರು. "ಸುಮ್ಕಿರಿ ಗೌಡ್ರೇ! ನಾಲೆ ಕಡೆಯೋರು ಎದ್ದು ಇತ್ಲಾಗ್ ಬಂದ್ಬುಡಿ" ಎಂದೆ. ಜಯಮ್ಮ ಕೂತಲ್ಲಿಂದಲೇ ಹಿಂದಕ್ಕೆ ತೆವಳಿದಳು. ಎಲ್ಲರೂ ರಸ್ತೆಗೆ ಸೇರಿದೆವು.

ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಚಿರತೆ ಹೊರಬಂತು. ಮರಿಯ ಕತ್ತು ಕಚ್ಚಿ ಎತ್ತಿಕೊಂಡು, ಊಟದ ಡಬ್ಬಿಗಳ ನಡುವೆ ಹಾದು, ನಾಲೆ ಹಾರಿ ಆಚೆ ಕಬ್ಬಿನಲ್ಲಿ ಮರೆಯಾಯಿತು.

"ಮೇಸ್ತ್ರಮ್ಮಂಗೂ ಬಾಯಿ ಅದೆ ಕಣ್ಲಾ" ಎಂದು ಗೌಡರು ಲಾರಿ ಡ್ರೈವರಿಗೆ ಹೇಳಿದರಂತೆ. ಲಾರಿ ಅವತ್ತು ಅರ್ಧ ಲೋಡಿಗೇ ಹೋಯಿತು.

ಆಮೇಲೆ ನಾನಿದ್ದ ಗುಂಪು ಎರಡು ಕಡೆಯಿಂದ ಕಡಿಯಲೇ ಇಲ್ಲ. ಒಂದೇ ಕಡೆಯಿಂದ ಶುರುಮಾಡಿ, ಪಕ್ಕದ ಕಬ್ಬಿಗೆ ಅಂಟಿದ ಅಂಚನ್ನು ಕೊನೆಗೆ ಉಳಿಸುತ್ತಿದ್ದೆವು. ಚಿರತೆಗಳೂ ನಮ್ಮ ಮಚ್ಚಿನ ಸದ್ದನ್ನು ಕಲಿತವು. ನಾವು ಅರ್ಧ ಗದ್ದೆ ಮುಗಿಸುವಷ್ಟರಲ್ಲಿ ನಾಲೆಯ ಕೆಸರಿನಲ್ಲಿ ದೊಡ್ಡ ಹೆಜ್ಜೆ, ಜೊತೆಗೆ ಚಿಕ್ಕ ಹೆಜ್ಜೆ ಕಾಣುತ್ತಿದ್ದವು. ಅದನ್ನು ನೋಡಿ ಜಯಮ್ಮ ಧೈರ್ಯವಾಗಿ ಒಳಗೆ ನುಗ್ಗುತ್ತಿದ್ದಳು.

ನೀವು ಮಚ್ಚು ಹಿಡಿಯಲಿಕ್ಕಿಲ್ಲ, ಕಡಿಸುವವರಾಗಬಹುದು. ಯಾವ ಕಡೆ ಬಿಟ್ಟು ಕಡಿಸಬೇಕೆಂದು ಅವತ್ತು ಹೇಳಲು ನಾನಿರುವುದಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿರಿ.