ಹಿಮದೇಶದ ಗಿಡವೂ ನನ್ನ ಸ್ವೆಟರೂ

ಕತಾರಿನ ಜುಲೈ ತಿಂಗಳಲ್ಲಿ, ಕಾರಿನ ಬಾಗಿಲ ಹಿಡಿ ಮುಟ್ಟಿದರೆ ಕೈ ಸುಡುವ ಕಾಲದಲ್ಲಿ, ಅತ್ತೆಯವರು ಮೈಸೂರಿನಿಂದ ಹೆಣೆದು ಕಳಿಸಿದ ಕಂದು ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ ಮಲಗುವ ಗೃಹಸ್ಥನನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಈಗ ಪರಿಚಯ ಮಾಡಿಕೊಳ್ಳಿ, ಅದು ನಾನೇ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ಆ ಬೇಸಿಗೆಯಿಡೀ ಎ.ಸಿ. ಹದಿನಾರು ಡಿಗ್ರಿಯ ಮೇಲೆ ಏರಲಿಲ್ಲ. ಕಿಟಕಿಯ ಬಳಿ ಕುಂಡವೊಂದರಲ್ಲಿ ವಿರಾಜಮಾನವಾಗಿದ್ದ ಗಿಡವೇ ಇದಕ್ಕೆ ಕಾರಣ.

ಗಿಡ ನನ್ನದಲ್ಲ, ಡಗ್ ಸಾಹೇಬರದು. ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಆ ಕೆನಡಾದವರು ಊರಿನಿಂದ ಬೇರು ತಂದು ಬೆಳೆಸಿದ್ದ ಅದರ ಹೆಸರು ರೂಬಾರ್ಬ್. ಅವರ ಸೀಮೆಯಲ್ಲಿ ಬೇಸಿಗೆಯೆಂಬುದು ಅವಸರದ ನೆಂಟನಂತೆ ಬಂದು ಹೋಗುವಂಥದು. ಆ ಗೇಣುದ್ದದ ಅವಧಿಯಲ್ಲೇ ಸೊಂಪಾಗಿ ಬೆಳೆದು, ಮಿಕ್ಕ ಕಾಲವೆಲ್ಲ ಹಿಮದಡಿ ನಿದ್ರಿಸಿ, ಮತ್ತೆ ಚಿಗುರುವ ಗಟ್ಟಿ ಜೀವವಂತೆ ಇದು. ರಜೆಗೆ ಹೊರಟಾಗ ಕುಂಡವನ್ನು ನನ್ನ ಕೈಗಿತ್ತು, ‘ಚಳಿಗೆ ಇದು ಜಗ್ಗುವುದಿಲ್ಲ, ಸೆಕೆ ಮಾತ್ರ ಆಗದು’ ಎಂದರು. ಸೆಪ್ಟೆಂಬರಿಗೆ ನನ್ನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಮುಂದುವರಿಸಲು ಸಹಿ ಹಾಕಬೇಕಾದ ಕೈಯೂ ಸಾಹೇಬರದೇ. ಗಿಡ ಉಳಿದರೆ ನಾನು ಉಳಿದೆ ಎಂದು ನನಗೆ ನಾನೇ ತೀರ್ಮಾನಿಸಿಬಿಟ್ಟೆ. ಎದುರಿಗಿರುವ ಮನುಷ್ಯನನ್ನು ನೇರವಾಗಿ ಕೇಳುವುದಕ್ಕಿಂತ, ಅವನ ಮನಸ್ಸನ್ನು ಊಹಿಸಿಕೊಂಡು ಪೂಜೆಗೆ ಕೂರುವುದೇ ನಮ್ಮಂಥ ನೌಕರರಿಗೆ ಸಲೀಸು.

ಕರೆಂಟು ಬಿಲ್ಲು ಕಂಪನಿಯದಾದ್ದರಿಂದ ಹಿಮಾಲಯವನ್ನು ಧಾರಾಳವಾಗಿಯೇ ಮನೆಗೆ ತಂದೆ. ನನ್ನ ಹೆಂಡತಿ ನಾಗರತ್ನ ಮಾತ್ರ, “ನನ್ನ ಬಾಣಂತನದಲ್ಲೂ ಇಷ್ಟು ಉಪಚಾರ ಆಗಿರ್ಲಿಲ್ಲ ಬಿಡಿ” ಎಂದು ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ನಡೆದಳು. ನಾನೂ ಗಿಡವೂ ಒಬ್ಬರನ್ನೊಬ್ಬರು ನೋಡಿಕೊಂಡು ನಡುಗುತ್ತಿದ್ದೆವು. ನಡುಗುತ್ತಿದ್ದವನು ನಾನೊಬ್ಬನೇ ಎಂಬುದು ಆಮೇಲೆ ಹೊಳೆಯಿತು. ಮಬ್ಬು ಬೆಳಕಿನಲ್ಲಿ ಅದರ ಕೆಂಪು ದಂಟುಗಳು ನನ್ನ ಹೆಬ್ಬೆರಳಿಗಿಂತ ದಪ್ಪವಾಗಿ ಕೊಬ್ಬಿದ್ದವು.

ಸೆಪ್ಟೆಂಬರಿನಲ್ಲಿ ಡಗ್ ಸಾಹೇಬರು ಗಿಡ ಒಯ್ಯಲು ಬರುವ ದಿನ ನಾನು ಶಿಫ್ಟ್ ಮುಗಿಸಿ ಬಂದಾಗ, ಮನೆಯೆಲ್ಲ ಒಗ್ಗರಣೆಯ ಘಮ. ವಾಡಿಕೆಯಂತೆ ಸ್ವೆಟರ್, ಮಫ್ಲರ್ ಏರಿಸಿಕೊಂಡು ಕೋಣೆಗೆ ಹೋದರೆ ಕುಂಡ ಬೋಳು. ಮೇಲಿನ ಮನೆಯ ಉಡುಪಿಯ ವನಜಕ್ಕ ಸೌಟು ಹಿಡಿದು ಅಡುಗೆಮನೆಯಿಂದ ಬಂದರು.

“ಎಂಥ ಹರಿವೆ ಮಾರಾಯ್ರೆ, ಊರಲ್ಲೂ ಇಷ್ಟು ದಪ್ಪದ್ದು ಸಿಗುದಿಲ್ಲ. ಎಲೆ ಒರಟು ಉಂಟು ಅಂತ ಬಿಸಾಡಿದೆ. ದಂಟಿನ ಸಾಂಬಾರಿಗೆ ಹುಣಸೆಹಣ್ಣು ಹಾಕ್ಲೇ ಇಲ್ಲ, ಅದಕ್ಕೇ ಹುಳಿ ಉಂಟು.”

“ವನಜಕ್ಕ, ಅದು ನನ್ನ ಕಾಂಟ್ರಾಕ್ಟು,” ಎಂದೆ. ಕೊಯ್ಯಲು ಬಿಟ್ಟ ನಾಗರತ್ನಳ ಮುಖದಲ್ಲಿ ಪಶ್ಚಾತ್ತಾಪವನ್ನು ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ನನ್ನ ಕೆಲಸ ಖಲಾಸ್ ಎಂದುಕೊಂಡೇ ಬಾಗಿಲು ತೆರೆದೆ.

ಡಗ್ ಸಾಹೇಬರು ಬೋಳು ಕುಂಡವನ್ನು ನೋಡಿದರು, ನನ್ನ ಮಫ್ಲರನ್ನು ನೋಡಿದರು. ವನಜಕ್ಕ ಯಾವ ಅಳುಕೂ ಇಲ್ಲದೆ ಅನ್ನ, ಸಾಂಬಾರು ಬಡಿಸಿದರು. ಸಾಹೇಬರು ಉಂಡರು, ಇನ್ನಷ್ಟು ಹಾಕಿಸಿಕೊಂಡರು. ಮೂಗೊರೆಸಿಕೊಳ್ಳುತ್ತ, ತಮ್ಮೂರಲ್ಲಿ ಇದನ್ನು ಬೆಳೆಯುವುದೇ ಕತ್ತರಿಸಿ ತಿನ್ನಲು, ಬೇರಿದ್ದರೆ ಮತ್ತೆ ಬರುತ್ತದೆ, ಇಷ್ಟು ದಿನ ಏಕೆ ಸುಮ್ಮನೆ ನೋಡುತ್ತ ಕುಳಿತಿದ್ದೆ ಎಂದು ಕೇಳಿದರು. ಕಾಂಟ್ರಾಕ್ಟಿನ ಮಾತನ್ನೇ ತೊದಲಿದೆ.

ಅವರು ನಕ್ಕರು. ನನ್ನ ಕಾಗದಕ್ಕೆ ರಜೆಗೆ ಹೊರಡುವ ಮೊದಲೇ ಸಹಿ ಹಾಕಿದ್ದರಂತೆ. ಮುಂದುವರಿಯದೆ ಹೋದದ್ದು ಅವರದೇ ಕಾಂಟ್ರಾಕ್ಟು. ರಜೆಯಲ್ಲಿದ್ದಾಗಲೇ ಸುದ್ದಿ ಬಂತಂತೆ. ಈಗ ಬಂದದ್ದು ಸಾಮಾನು ಕಟ್ಟಲು. ಹಿಮಕ್ಕೆ ಜಗ್ಗದ ಊರಿನವರು ಅವರು. ಕೆಲಸ ಹೋದ ಮಾತು ಹೇಳುವಾಗ ಮಾತ್ರ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಒಂದು ಬೇಸಿಗೆಯಿಡೀ ಗಿಡದ ಕ್ಷೇಮ ನೋಡಿದ ನಾನು, ಗಿಡದ ಯಜಮಾನರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲವೆಂದು ನೆನೆದು ನಾಚಿಕೆಯಾಯಿತು.

ಕುಂಡವನ್ನು ಅವರು ಒಯ್ಯಲಿಲ್ಲ. ಅವರು ಹೊರಟಾಗ ನಾನು ಎ.ಸಿ. ಆರಿಸಿ, ಸ್ವೆಟರ್ ಬಿಚ್ಚಿ, ಮಡಚಿ ಅವರ ಕೈಗಿಟ್ಟೆ. ಅವರ ಊರಿನಲ್ಲಿ ಆಗಲೇ ಚಳಿ ಶುರುವಾಗಿತ್ತು.